ಟಿಕೆಟ್ ‘ಡನ್’ ಆಯಿತು, ಕೆಲಸ ಮುಗಿಯಿತೇ? ಚೆಕ್‌ಲಿಸ್ಟ್, ಸಿಐ ಗೇಟ್, ಡೆಮೊ: ಒಂದು ಹೋಲಿಕೆ

ಕೋಡ್ ಬರೆದವರ ಲೆಕ್ಕದಲ್ಲಿ ಅದು ಮುಖ್ಯ ಕೋಡ್‌ಗೆ ಸೇರಿದರೆ (ಮರ್ಜ್ ಆದರೆ) ಕೆಲಸ ಮುಗಿಯಿತು. ಟೆಸ್ಟರ್‌ಗೆ ಸ್ಟೇಜಿಂಗ್‌ನಲ್ಲಿ, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷಾ ಸರ್ವರ್‌ನಲ್ಲಿ, ಪಾಸಾಗಬೇಕು, ಬಳಕೆದಾರರಿಗೆ ಕೈಗೆ ಸಿಗಬೇಕು. ಜಗಳ ಶುರುವಾಗುವುದೇ ಇಲ್ಲಿ. ಕೆಲಸವನ್ನು ಸ್ಪ್ರಿಂಟ್ ಎಂಬ ಸಣ್ಣ ಅವಧಿಗಳಲ್ಲಿ ಮಾಡುವ ಸ್ಕ್ರಮ್ ಪದ್ಧತಿಯ 2020ರ ಗೈಡ್ ಪ್ರಕಾರ ‘ಡೆಫಿನಿಷನ್ ಆಫ್ ಡನ್’ (ಕೆಲಸ ಮುಗಿಯಿತು ಎನ್ನಲು ಬೇಕಾದ ಷರತ್ತುಗಳು) ಪೂರೈಸದ ಐಟಂ ಅನ್ನು ಬಿಡುಗಡೆ ಮಾಡುವಂತಿಲ್ಲ, ಸ್ಪ್ರಿಂಟ್ ರಿವ್ಯೂನಲ್ಲಿ ತೋರಿಸುವಂತೆಯೂ ಇಲ್ಲ. ಅದು ಬಾಕಿ ಕೆಲಸಗಳ ಪಟ್ಟಿಯಾದ ಬ್ಯಾಕ್‌ಲಾಗ್‌ಗೆ ವಾಪಸ್. ಈ ಡೆಫಿನಿಷನ್ ಜಾರಿಗೆ ತರಲು ನಾವು ಬಳಸಿ ನೋಡಿದ್ದು ಮೂರು ದಾರಿ.

ಅಗ್ಗದ್ದು ಚೆಕ್‌ಲಿಸ್ಟ್. ಪುಲ್ ರಿಕ್ವೆಸ್ಟ್ (ಕೋಡ್ ಸೇರಿಸಿಕೊಳ್ಳಿ ಎಂಬ ಕೋರಿಕೆ) ಟೆಂಪ್ಲೇಟ್‌ಗೆ ನಾಲ್ಕು ಸಾಲು ಸೇರಿಸಿದರೆ ಆಯಿತು. ಪಟ್ಟಿ ಹದಿನೈದು ಸಾಲಿಗೆ ಬೆಳೆದರೆ ಮಾತ್ರ ಓದದೆಯೇ ಟಿಕ್ ಬೀಳುತ್ತದೆ. ‘ಟೆಸ್ಟ್ ಮಾಡಲಾಗಿದೆ’ ಎಂಬ ಸಾಲಿನಿಂದ ಪ್ರಯೋಜನವಿಲ್ಲ. ‘ಕೆಟ್ಟರೆ ಹಿಂದಿನ ಆವೃತ್ತಿಗೆ ಮರಳುವ ಕಮಾಂಡ್ ಯಾವುದು?’ ಎಂದು ಕೇಳಿ. ಉತ್ತರ ಬರೆಯಲೇಬೇಕಾದಾಗ ಸುಳ್ಳು ಟಿಕ್ ಹಾಕುವುದು ಕಷ್ಟ. ಇಂಥ ಪ್ರಶ್ನೆ ಐದು ದಾಟದಿರಲಿ.

ಕೋಡ್ ಬದಲಾದಾಗಲೆಲ್ಲ ತಾನಾಗಿ ಪರೀಕ್ಷಿಸುವ ವ್ಯವಸ್ಥೆಯೇ ಸಿಐ (ಕಂಟಿನ್ಯುಯಸ್ ಇಂಟಿಗ್ರೇಶನ್). ಸಿಐ ಗೇಟ್‌ಗೆ ದಾಕ್ಷಿಣ್ಯವಿಲ್ಲ. ಗಿಟ್‌ಹಬ್‌ನಲ್ಲಿ ಮುಖ್ಯ ಬ್ರಾಂಚ್‌ಗೆ ಪ್ರೊಟೆಕ್ಷನ್ ಹಾಕಿ ಬಿಲ್ಡ್, ಟೆಸ್ಟ್, ಲಿಂಟ್ (ಕೋಡ್ ಶೈಲಿ, ಸಣ್ಣ ತಪ್ಪುಗಳ ತಪಾಸಣೆ) ಮೂರನ್ನೂ ಕಡ್ಡಾಯ ಮಾಡಿದರೆ, ಒಂದು ಕೆಂಪಾಗಿದ್ದರೂ ಮರ್ಜ್ ಆಗದು. ಆದರೂ ಕಳ್ಳಕಿಂಡಿಗಳಿವೆ. ಆ ನಿಯಮ ಅಡ್ಮಿನ್‌ಗಳಿಗೆ ತಾನಾಗಿಯೇ ಅನ್ವಯಿಸುವುದಿಲ್ಲ. ಬೈಪಾಸ್ ನಿಷೇಧಿಸುವ ಆಯ್ಕೆಯನ್ನು ಬೇರೆಯಾಗಿ ಆನ್ ಮಾಡಬೇಕು. ‘ಇಫ್’ ಷರತ್ತಿನಿಂದ ಸ್ಕಿಪ್ ಆದ ಜಾಬ್ ‘ಸಕ್ಸೆಸ್’ ಎಂದೇ ದಾಖಲಾಗುತ್ತದೆ, ಅಂದರೆ ಓಡದ ಟೆಸ್ಟೂ ಹಸಿರು! ಪಾತ್ ಫಿಲ್ಟರ್‌ನಿಂದ (ಯಾವ ಫೈಲ್ ಬದಲಾದರೆ ಓಡಬೇಕು ಎಂಬ ನಿಯಮ) ಜಾಬ್‌ಗಳ ಇಡೀ ಸರಣಿ, ಅಂದರೆ ವರ್ಕ್‌ಫ್ಲೋ, ಸ್ಕಿಪ್ ಆದರೆ ತದ್ವಿರುದ್ಧ: ಚೆಕ್ ‘ಪೆಂಡಿಂಗ್’ನಲ್ಲೇ ನಿಂತು ಮರ್ಜ್ ಕಟ್ಟಿಹಾಕುತ್ತದೆ.

ಅತಿ ದುಬಾರಿ ತಪ್ಪು ಡೇಟಾಬೇಸ್ ಮೈಗ್ರೇಶನ್‌ನದು, ಅಂದರೆ ಟೇಬಲ್‌ಗಳ ರಚನೆ ಬದಲಿಸುವುದರದು. ಸಿಐನಲ್ಲಿ ಟೇಬಲ್‌ಗಳು ಖಾಲಿ. ಡೀಫಾಲ್ಟ್ ಇಲ್ಲದ ‘ನಾಟ್ ನಲ್’ (ಖಾಲಿ ಬಿಡುವಂತಿಲ್ಲದ) ಕಾಲಂ ಅಲ್ಲಿ ಸಲೀಸಾಗಿ ಸೇರುತ್ತದೆ. ಸಾಲುಗಳು ತುಂಬಿರುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಟೇಬಲ್‌ನಲ್ಲಿ ಎರರ್ ಕೊಟ್ಟು ನಿಲ್ಲುತ್ತದೆ. ಮೈಗ್ರೇಶನ್‌ಗೆ ಮುನ್ನ ಪ್ರತಿ ಟೇಬಲ್‌ಗೂ ಕೆಲವು ಸಾಲು ತುಂಬಿಸುವ ಸ್ಕ್ರಿಪ್ಟ್ ಇಟ್ಟರೆ ಇದು ಸಿಐನಲ್ಲೇ ಸಿಕ್ಕಿಬೀಳುತ್ತದೆ.

ಕೇಳಿದ್ದನ್ನೇ ಮಾಡಿದ್ದೇವೆಯೇ ಎಂದು ಯಂತ್ರ ಹೇಳಲಾರದು. ಅದಕ್ಕೆ ಡೆಮೊ. ಬರೆದವರೇ ತಮ್ಮ ಲ್ಯಾಪ್‌ಟಾಪ್‌ನಲ್ಲಿ ತೋರಿಸಿದರೆ ಗೊತ್ತಿರುವ ದಾರಿಯಲ್ಲೇ ಹೋಗುತ್ತಾರೆ, ಎಲ್ಲವೂ ಸರಿ ಕಾಣುತ್ತದೆ. ಸ್ಟೇಜಿಂಗ್‌ನಲ್ಲಿ ಮಾಡಿ, ಕೀಬೋರ್ಡ್ ಬೇರೆಯವರ ಕೈಗೆ ಕೊಡಿ. ಟಿಕೆಟ್‌ನಲ್ಲಿ ಮೊದಲೇ ‘ಹೀಗಿದ್ದಾಗ, ಹೀಗೆ ಮಾಡಿದರೆ, ಹೀಗಾಗಬೇಕು’ ಎಂದು ಬರೆದಿದ್ದರೆ ಕಾಲು ಗಂಟೆ ಸಾಕು. ಇಲ್ಲದಿದ್ದರೆ ಡೆಮೊ ಹೊಸ ಬೇಡಿಕೆಗಳ ಸಭೆಯಾಗಿಬಿಡುತ್ತದೆ.

ಒಂದನ್ನೇ ಆರಿಸಬೇಕಾದರೆ ನಮ್ಮ ಮತ ಸಿಐ ಗೇಟ್‌ಗೆ. ಅದು ನಿಂತ ಮೇಲೆ ಯಂತ್ರ ನೋಡುವುದನ್ನೆಲ್ಲ ಚೆಕ್‌ಲಿಸ್ಟ್‌ನಿಂದ ಅಳಿಸಿ, ಮೂರು ಪ್ರಶ್ನೆ ಉಳಿಸಿ: ಹಿಂದಿರುಗುವ ದಾರಿ, ಎಚ್ಚರಿಕೆಯ ಅಲರ್ಟ್, ಹಳೆಯ ಫೀಚರ್ ಫ್ಲ್ಯಾಗ್ (ಫೀಚರ್ ಆನ್, ಆಫ್ ಮಾಡುವ ಸ್ವಿಚ್) ತೆಗೆಯುವ ದಿನಾಂಕ. ಬಳಕೆದಾರರಿಗೆ ಕಾಣುವ ಬದಲಾವಣೆಗಷ್ಟೇ ಡೆಮೊ ಇರಲಿ. ಟಿಕೆಟ್ ಮುಚ್ಚುವುದು ಪ್ರೊಡಕ್ಷನ್ (ಬಳಕೆದಾರರು ಬಳಸುವ ಸರ್ವರ್) ಲಾಗ್ ನೋಡಿದ ಮೇಲೆ. ‘ಶೇ 90 ಆಗಿದೆ’ ಎಂಬ ಸ್ಥಿತಿ ಬೋರ್ಡ್‌ನಲ್ಲೇ ಬೇಡ. ಉಳಿದ ಭಾಗಕ್ಕೆ ಅದರದೇ ಟಿಕೆಟ್ ತೆರೆಯಿರಿ.