ಒಂದೇ ಜ್ವರ, ಮೂರು ದವಾಖಾನೆ: ನಮ್ಮ ಮನೆಯ ಲೆಕ್ಕ

ನಮ್ಮದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಣ್ಣ ಹಳ್ಳಿ. ಕಳೆದ ಮಳೆಗಾಲದಲ್ಲಿ ತಮ್ಮ, ನಾನು, ಅವ್ವ ಮೂವರಿಗೂ ಸಾಲಾಗಿ ಜ್ವರ ಬಂತು. ಮೂವರೂ ತೋರಿಸಿದ್ದು ಮೂರು ಕಡೆ. ಖರ್ಚು ಬರೆದಿಟ್ಟಿದ್ದೆ.

ತಮ್ಮ ಹೋಗಿದ್ದು ಊರಲ್ಲೇ ಇರುವ ಡಾಕ್ಟರ ಹತ್ತಿರ. ಎರಡು ದಿನ ಸಲಾಯಿನ್, ದಿನಾ ಎರಡು ಸೂಜಿ, ಬಿಡಿ ಗುಳಿಗೆಗಳ ಪೊಟ್ಟಣ. 1,100 ರೂಪಾಯಿ. ಯಾವ ಸೂಜಿ ಅಂತ ಎಲ್ಲೂ ಬರೆದುಕೊಡಲಿಲ್ಲ. ನನಗೆ ಸಿಟ್ಟು ಬಂದಿದ್ದು ಇದಕ್ಕೇ. ಡೆಂಗಿ ಇದ್ದಾಗ ಕೆಲವು ನೋವಿನ ಸೂಜಿಗಳಿಂದ ರಕ್ತಸ್ರಾವದ ಅಪಾಯ ಜಾಸ್ತಿ, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆಗಿ ದೊಡ್ಡ ದವಾಖಾನೆಗೆ ಓಡಿದರೆ ಅಲ್ಲಿನವರಿಗೆ ಏನಂತ ಹೇಳೋದು?

ನಾನು ಪಟ್ಟಣದ ಖಾಸಗಿ ಆಸ್ಪತ್ರೆಗೆ ಹೋದೆ. ಬೈಕ್ ಹೊಡೆದುಕೊಂಡು ಹೋದವನನ್ನು ಅಡ್ಮಿಟ್ ಮಾಡಿಕೊಂಡರು. ಎರಡು ರಾತ್ರಿ, ಎರಡು ಸಲ ರಕ್ತ ತಪಾಸಣೆ, ಹೊಟ್ಟೆಯ ಸ್ಕ್ಯಾನಿಂಗ್, ಆಂಟಿಬಯೋಟಿಕ್. 8,600 ರೂಪಾಯಿ. ಜಾಗ ಸ್ವಚ್ಛ, ಡಾಕ್ಟರು ದಿನಕ್ಕೆರಡು ಸಲ ಬಂದು ನೋಡಿದರು, ಅದು ನಿಜ. ಆದರೆ ಕೊನೆಗೆ ಚೀಟಿಯಲ್ಲಿ ಬರೆದದ್ದು ವೈರಲ್ ಜ್ವರ ಅಂತ. ವೈರಸ್ಸಿಗೆ ಆಂಟಿಬಯೋಟಿಕ್ ಕೆಲಸ ಮಾಡಲ್ಲ. ಲಿಂಬೆ ಗಿಡಕ್ಕೆ ಗೊಬ್ಬರ ತರಲು ಇಟ್ಟಿದ್ದ ದುಡ್ಡೆಲ್ಲ ಅಲ್ಲೇ ಹೋಯಿತು.

ಅವ್ವನನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಮಲೇರಿಯಾ, ಡೆಂಗಿಗೆ ರಕ್ತ ತೆಗೆದರು, ಪ್ಯಾರಾಸಿಟಮಾಲ್, ಓಆರ್‌ಎಸ್ ಕೊಟ್ಟರು. ಔಷಧಿಗೆ ದುಡ್ಡಿಲ್ಲ, ಬಸ್ಸಿಗೆ 60 ರೂಪಾಯಿ. ಆದರೆ ಮಧ್ಯಾಹ್ನದವರೆಗೆ ಸರದಿಯಲ್ಲಿ ಕೂತು ಅರ್ಧ ದಿನದ ಕೂಲಿ ಹೋಯಿತು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಾಂತಿ ನಿಲ್ಲದಿದ್ದರೆ, ಹೊಟ್ಟೆನೋವು ಬಂದರೆ, ಒಸಡಲ್ಲಿ ರಕ್ತ ಕಂಡರೆ ತಡ ಮಾಡದೆ ಬನ್ನಿ ಅಂತ ಬಿಡಿಸಿ ಹೇಳಿದ್ದು ಅಲ್ಲಿನ ಡಾಕ್ಟರು ಮಾತ್ರ.

ಅವ್ವನಿಗೆ ಸಮಾಧಾನವೇ ಇಲ್ಲ. “ಒಂದ್ ಸಲಾಯಿನ್ ಸೈತ ಹಚ್ಚಲಿಲ್ಲಲ್ಲೋ, ಇವ್ರೆಂಥಾ ಡಾಕ್ಟರು?” ನಮ್ಮ ಕಡೆ ಎಲ್ಲರ ಮಾತೂ ಇದೇ. ಸಲಾಯಿನ್ ಹಚ್ಚಿದರೆ ಶಕ್ತಿ ಬರುತ್ತದೆ ಅಂತ ನಾವೇ ಕೇಳಿ ಹಚ್ಚಿಸಿಕೊಳ್ಳುತ್ತೇವೆ. 500 ಎಂಎಲ್ ಸಾದಾ ಸಲಾಯಿನ್ ಬಾಟಲಿಯಲ್ಲಿ ಇರೋದು 4.5 ಗ್ರಾಂ ಉಪ್ಪು, ಉಳಿದದ್ದು ನೀರು. ಒಂದು ಲೀಟರ್ ನೀರಿಗೆ ಹಾಕುವ ಓಆರ್‌ಎಸ್ ಪೊಟ್ಟಣದಲ್ಲಿ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ, ಸಾದಾ ಸಲಾಯಿನ್‌ನಲ್ಲಿ ಇಲ್ಲದ ಪೊಟ್ಯಾಸಿಯಮ್ ಕೂಡ. ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಮನುಷ್ಯ ತೀರಾ ಸುಸ್ತಾಗಿದ್ದಾನೆ ಅಂದಾಗ ಸಲಾಯಿನ್ ಬೇಕೇ ಬೇಕು. ಗಂಜಿ ಕುಡಿದು ಎದ್ದು ಓಡಾಡುವವರಿಗೆ ಸುಮ್ನೆ ಯಾಕೆ?

ಮೂವರ ಜ್ವರವೂ ಬಿಟ್ಟಿದ್ದು ಐದನೇ ದಿನಕ್ಕೇ.

ಹಗಲಾದರೆ ನನ್ನ ಆಯ್ಕೆ ಸರಕಾರಿ ದವಾಖಾನೆಯೇ. ಅವ್ವನ ಬಿಪಿ ಗುಳಿಗೆಯನ್ನೂ ಈಗ ಅಲ್ಲಿಂದಲೇ ತರುತ್ತೇನೆ, ಅಲ್ಲಿ ಖಾಲಿಯಾದಾಗ ಜನೌಷಧಿ ಅಂಗಡಿ. ಕಷ್ಟ ಇರೋದು ರಾತ್ರಿ. ಹತ್ತು ಗಂಟೆಗೆ ಬಾಗಿಲು ತಟ್ಟಿದರೆ ತೆರೆಯುವುದು ಊರ ಡಾಕ್ಟರೊಬ್ಬರೇ, ಅದಕ್ಕೇ ತಮ್ಮ ಇನ್ನೂ ಅಲ್ಲಿಗೇ ಹೋಗುತ್ತಾನೆ. ಹೋಗಬೇಡ ಅಂತ ನಾನೂ ಹೇಳಲಾರೆ. ಸೂಜಿಯ ಹೆಸರು ಬರೆಸಿಕೊಂಡು ಬಾ ಅಂತ ಮಾತ್ರ ಹೇಳಿದ್ದೇನೆ. ಹೋದ ತಿಂಗಳು ಮೊದಲ ಸಲ ಬರೆಸಿಕೊಂಡು ಬಂದ.