ಕೈಯಲ್ಲಿ ಹಿಡಿಯುವ ಸ್ಪೆಕ್ಟ್ರೋಫೋಟೋಮೀಟರ್: ಆರು ವರ್ಷ ಡೆಲ್ಟಾ ಇ ಜೊತೆ ಏಗಿದ ಮೇಲೆ

ಲೋಹದ ಫಲಕಗಳಿಗೆ ಪೌಡರ್ ಕೋಟಿಂಗ್ ಮಾಡುವ ಘಟಕವೊಂದರ ಗುಣಮಟ್ಟ ವಿಭಾಗದಲ್ಲಿ ಬಣ್ಣ ಅಳೆಯುವ ಈ ಉಪಕರಣವನ್ನು ಆರು ವರ್ಷಗಳಿಂದ ಬಹುತೇಕ ಪ್ರತಿದಿನ ಬಳಸುತ್ತಿದ್ದೇನೆ. ಗೋಳದೊಳಗೆ ಚದುರಿದ ಬೆಳಕನ್ನು ಮಾದರಿಯ ಮೇಲೆ ಬೀಳಿಸಿ, 8 ಡಿಗ್ರಿ ಕೋನದಿಂದ ಅದನ್ನು ನೋಡುವ, 400ರಿಂದ 700 ನ್ಯಾನೋಮೀಟರ್‌ವರೆಗೆ ಹತ್ತು ಹತ್ತರ ಅಂತರದಲ್ಲಿ ಪ್ರತಿಫಲನವನ್ನು ದಾಖಲಿಸುವ ಮಾದರಿ ಇದು. ಯಂತ್ರದ ಮಟ್ಟಿಗೆ ನನ್ನದು ದೊಡ್ಡ ತಕರಾರೇನಿಲ್ಲ. ಜೊತೆಗೆ ಬಂದ ಬಿಳಿ ಟೈಲನ್ನು ಇಂದಿಗೂ ಸತತವಾಗಿ ಹತ್ತು ಸಲ ಅಳೆದರೆ ಅಂಕಿಗಳು ಎರಡನೇ ದಶಮಾಂಶದಲ್ಲಿ ಮಾತ್ರ ಅಲುಗಾಡುತ್ತವೆ. ಈ ವಿಮರ್ಶೆ ಬರೆಯಲು ಕಾರಣ ಅದರ ತಂತ್ರಾಂಶ ಪರದೆಯ ಮೇಲೆ ತೋರಿಸುವ ಹಸಿರು ಮತ್ತು ಕೆಂಪು ಗುರುತುಗಳು.

ಉಪಕರಣ ಕೈಸೇರಿದಾಗ ಅದರಲ್ಲಿ ಮೊದಲೇ ಹೊಂದಿಸಿಟ್ಟಿದ್ದ ಸೂತ್ರ ಸಿಐಇ (ಬೆಳಕು-ಬಣ್ಣಗಳ ಅಂತರರಾಷ್ಟ್ರೀಯ ಆಯೋಗ) 1976ರದು, ಮಿತಿ 1.0. ಎರಡು ಬಣ್ಣಗಳ ನಡುವಿನ ವ್ಯತ್ಯಾಸದ ಅಂಕಿಯಾದ ಡೆಲ್ಟಾ ಇ ಒಂದಕ್ಕಿಂತ ಕಡಿಮೆಯಿದ್ದರೆ ಹಸಿರು, ಮೀರಿದರೆ ಕೆಂಪು. ತರಬೇತಿಗೆ ಬಂದವರು ‘ಒಂದು ಎಂದರೆ ಕಣ್ಣಿಗೆ ಕಾಣುವ ಅತಿ ಚಿಕ್ಕ ವ್ಯತ್ಯಾಸ’ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದರು. ನಾವೂ ಅದನ್ನು ಕಣ್ಣು ಮುಚ್ಚಿಕೊಂಡು ನಂಬಿದೆವು. ಬಣ್ಣದ ವಿಷಯದಲ್ಲಿ ಕಣ್ಣು ಮುಚ್ಚಿಕೊಂಡು ನಂಬುವುದು ಎಷ್ಟು ವಿಪರೀತವೆಂಬುದು ಆಗ ಹೊಳೆಯಲಿಲ್ಲ.

ಮೊದಲ ವರ್ಷದಲ್ಲೇ, ಒಂದೇ ತಿಂಗಳಿನೊಳಗೆ ಎರಡು ಬ್ಯಾಚ್‌ಗಳು ನಮಗೆ ಪಾಠ ಕಲಿಸಿದವು. ಮೊದಲನೆಯದು ಗಾಢ ಹಳದಿ. ಹೋಲಿಕೆಗೆ ಇಟ್ಟ ಮಾಸ್ಟರ್ ಫಲಕದಲ್ಲಿ ಎಲ್ (ತಿಳಿ-ಕಡು) 85, ಎ (ಹಸಿರು-ಕೆಂಪು) 0, ಬಿ (ನೀಲಿ-ಹಳದಿ) 90 ಇದ್ದರೆ ಬ್ಯಾಚ್‌ನಲ್ಲಿ ಬಿ ಮಾತ್ರ 95 ಆಗಿತ್ತು. ಡೆಲ್ಟಾ ಇ ನೇರವಾಗಿ 5.0, ಪರದೆ ಕೆಂಪು. ಇಡೀ ಬ್ಯಾಚನ್ನು ಪಕ್ಕಕ್ಕಿಟ್ಟೆವು. ಎರಡನೆಯದು ಮಧ್ಯಮ ಬೂದು. ಎಲ್ 60, ಎ ಮತ್ತು ಬಿ ಎರಡೂ ಸೊನ್ನೆಯಿದ್ದ ಮಾಸ್ಟರ್‌ಗೆ ಹೋಲಿಸಿದರೆ ಎ ಮಾತ್ರ 0.9ರಷ್ಟು ಕೆಂಪಿನ ಕಡೆಗೆ ಸರಿದಿತ್ತು. ಡೆಲ್ಟಾ ಇ 0.9, ಪರದೆ ಹಸಿರು, ಮಾಲು ರವಾನೆಯಾಯಿತು. ಹಳೆಯ ಬ್ಯಾಚಿನ ಬಾಗಿಲುಗಳ ಪಕ್ಕದಲ್ಲಿ ಹೊಸವನ್ನು ಜೋಡಿಸಿದ ಗ್ರಾಹಕರು, ಬೂದು ಬಣ್ಣಕ್ಕೆ ಗುಲಾಬಿ ಬೆರೆತಂತಿದೆ ಎಂದು ಎಲ್ಲವನ್ನೂ ಹಿಂದಿರುಗಿಸಿದರು. ಅತ್ತ ತಿರಸ್ಕರಿಸಿದ ಹಳದಿ ಫಲಕಗಳನ್ನು ಮಾಸ್ಟರ್ ಪಕ್ಕ ಇಟ್ಟು ನಾಲ್ವರಿಗೆ ತೋರಿಸಿದಾಗ, ಇಬ್ಬರಿಗೆ ಯಾವುದು ಯಾವುದೆಂದೇ ತಿಳಿಯಲಿಲ್ಲ.

ಇದರಲ್ಲಿ ಉಪಕರಣದ ತಪ್ಪು ಏನೂ ಇರಲಿಲ್ಲ. ಎರಡೂ ಅಳತೆಗಳು ಸರಿಯಾಗಿಯೇ ಇದ್ದವು. 1976ರ ಸೂತ್ರ ಎರಡು ಬಿಂದುಗಳ ನಡುವಿನ ನೇರ ದೂರವನ್ನಷ್ಟೇ ಕೊಡುತ್ತದೆ, ಆದರೆ ಕಣ್ಣು ಎಲ್ಲ ಬಣ್ಣಗಳಲ್ಲಿ ಒಂದೇ ಅಳತೆಗೋಲು ಹಿಡಿದು ನೋಡುವುದಿಲ್ಲ. ಭೌತವಿಜ್ಞಾನಿ ಮ್ಯಾಕ್‌ಆಡಂ 1942ರಲ್ಲಿಯೇ 25 ಬಣ್ಣಗಳ ಸುತ್ತ ಒಬ್ಬ ವೀಕ್ಷಕನಿಂದ ಸಾವಿರಾರು ಹೊಂದಾಣಿಕೆಗಳನ್ನು ಮಾಡಿಸಿ, ಕಣ್ಣು ಗುರುತಿಸದ ವ್ಯತ್ಯಾಸಗಳ ವಲಯ ವೃತ್ತವಲ್ಲ, ದೀರ್ಘವೃತ್ತ, ಅದರ ಗಾತ್ರವೂ ದಿಕ್ಕೂ ಬಣ್ಣದಿಂದ ಬಣ್ಣಕ್ಕೆ ಬದಲಾಗುತ್ತದೆ ಎಂದು ತೋರಿಸಿದ್ದರು. ಎಲ್, ಎ, ಬಿ ಅಂಕಿಗಳ 1976ರ ಲ್ಯಾಬ್ ವ್ಯವಸ್ಥೆ ಈ ಅಸಮತೆಯನ್ನು ತಗ್ಗಿಸಿತೇ ಹೊರತು ನಿವಾರಿಸಲಿಲ್ಲ. ಗಾಢ ಬಣ್ಣಗಳಲ್ಲಿ ತೀವ್ರತೆಯ (ಬಣ್ಣ ಬೂದಿನಿಂದ ಎಷ್ಟು ದೂರ ಎಂಬುದರ) ಏರುಪೇರನ್ನು ಕಣ್ಣು ಧಾರಾಳವಾಗಿ ಕ್ಷಮಿಸುತ್ತದೆ. ಬೂದು, ಬಿಳಿ, ಕೆನೆಯಂಥ ಬಣ್ಣಗಳಲ್ಲಿ ಸಣ್ಣ ಛಾಯೆಯನ್ನೂ ಬಿಡುವುದಿಲ್ಲ. ಜವಳಿ ಉದ್ಯಮದಿಂದ 1984ರಲ್ಲಿ ಬಂದ ಸಿಎಂಸಿ ಸೂತ್ರ, ಅನಂತರದ ಸಿಐಇ 94, 2001ರಲ್ಲಿ ಪ್ರಕಟವಾದ ಸಿಐಇಡಿಇ 2000 ಈ ಮೂರೂ ಹೆಚ್ಚುಕಡಿಮೆ ಇದೇ ದೋಷವನ್ನು ತಿದ್ದಲು ಹೊರಟವು.

ನಮ್ಮ ಎರಡು ಬ್ಯಾಚ್‌ಗಳನ್ನು ಸಿಐಇಡಿಇ 2000ದಲ್ಲಿ ಮತ್ತೆ ಲೆಕ್ಕ ಹಾಕಿದಾಗ ಚಿತ್ರ ತಲೆಕೆಳಗಾಯಿತು. ತೀವ್ರತೆ ಹೆಚ್ಚಿದಂತೆ ಈ ಸೂತ್ರ ವ್ಯತ್ಯಾಸವನ್ನು ಭಾಗಿಸುವ ಸಂಖ್ಯೆಯೂ ಹೆಚ್ಚುತ್ತದೆ; ಹಳದಿಯ ತೀವ್ರತೆ ಸರಾಸರಿ 92.5 ಆಗಿದ್ದುದರಿಂದ ಆ ಭಾಜಕ 5.16ಕ್ಕೆ ಏರಿ, 5.0 ಇದ್ದ ವ್ಯತ್ಯಾಸ 0.97ಕ್ಕೆ ಇಳಿಯಿತು. ಬೂದಿನ ಸಂಗತಿ ಇನ್ನೂ ಸ್ವಾರಸ್ಯಕರ. ತಟಸ್ಥ ಬಣ್ಣಗಳ ಸಮೀಪ ಈ ಸೂತ್ರ ಎ ಅಕ್ಷವನ್ನು ಒಂದೂವರೆ ಪಟ್ಟು ಹಿಗ್ಗಿಸುತ್ತದೆ, ಆದ್ದರಿಂದ 0.9 ಇದ್ದದ್ದು 1.3 ಆಯಿತು. ಅದೇ 0.9 ಬಿ ಅಕ್ಷದಲ್ಲಿ, ಅಂದರೆ ಹಳದಿಯ ಕಡೆಗೆ ಸರಿದಿದ್ದರೆ 0.88 ಮಾತ್ರ ಬರುತ್ತಿತ್ತು. ಕೆಂಪಿಗೆ ತಿರುಗಿದ ಬೂದು ಏಕೆ ಅಷ್ಟು ಬೇಗ ಗ್ರಾಹಕರ ಕಣ್ಣಿಗೆ ಬಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಮೆನುವಿನಲ್ಲಿ ಮೂರು ಹಂತ ಒಳಗೆ ಹೋದರೆ ಸೂತ್ರ ಬದಲಾಯಿಸಬಹುದು, ಆದರೆ ಕೈಪಿಡಿ ಈ ಬಗ್ಗೆ ಅರ್ಧ ಪುಟವನ್ನೂ ಖರ್ಚು ಮಾಡಿಲ್ಲ. ತಯಾರಕರ ಮೇಲಿನ ನನ್ನ ನಿಜವಾದ ಆಕ್ಷೇಪ ಇದೊಂದೇ.

ಆದರೆ ಸೂತ್ರ ಬದಲಿಸಿದೊಡನೆ ಅಂಕಿ ಕಣ್ಣಾಗಿಬಿಡುವುದಿಲ್ಲ. ಸಿಐಇಡಿಇ 2000ವನ್ನು ರೂಪಿಸಿದ ಸಂದರ್ಭವೇ ಬಹಳ ನಿರ್ದಿಷ್ಟವಾದದ್ದು: ಡಿ65 ಎಂಬ ಪ್ರಮಾಣಿತ ಹಗಲು ಬೆಳಕು, ಸುಮಾರು 1000 ಲಕ್ಸ್, ಮಧ್ಯಮ ಬೂದು ಹಿನ್ನೆಲೆ, ಅಂಚಿಗೆ ಅಂಚು ತಾಗಿಸಿಟ್ಟ ನುಣುಪಾದ ಮಾದರಿಗಳು, ಐದಕ್ಕಿಂತ ಹೆಚ್ಚಿಲ್ಲದ ವ್ಯತ್ಯಾಸ. ಈ ಷರತ್ತುಗಳಿಂದ ದೂರ ಸರಿದಂತೆಲ್ಲ ಅದೇ ಅಂಕಿಯ ಅರ್ಥ ಬೇರೆಯಾಗುತ್ತದೆ. ಎರಡು ಫಲಕಗಳ ನಡುವೆ ಬೆರಳಗಲದ ಸಂದಿ ಬಿಟ್ಟು ನೋಡಿ. ಅಂಚು ತಾಗಿದ್ದಾಗ ಗೆರೆ ಎಳೆದಂತೆ ಕಾಣುತ್ತಿದ್ದ ವ್ಯತ್ಯಾಸ ಎಷ್ಟೋ ಸಲ ಮಾಯವಾಗುತ್ತದೆ. ನಮ್ಮಲ್ಲಿ ಈಗ ಒಂದೇ ಬೂದು ಬಣ್ಣಕ್ಕೆ ಎರಡು ಮಿತಿಗಳಿವೆ: ಜೋಡಿಸಿದಾಗ ಅಕ್ಕಪಕ್ಕ ಬರುವ ಬಾಗಿಲುಗಳಿಗೆ ಬಿಗಿಯಾದದ್ದು, ಕಪಾಟಿನ ಒಳಗಿನ ಚೌಕಟ್ಟಿಗೆ ಸಡಿಲವಾದದ್ದು.

ಒಟ್ಟು ಡೆಲ್ಟಾ ಇ ನೋಡುವುದಕ್ಕಿಂತ ಅದರ ಬಿಡಿ ಭಾಗಗಳನ್ನು ಓದುವುದನ್ನು ಕಲಿತ ಮೇಲೆ ಈ ಉಪಕರಣದ ಉಪಯೋಗ ಇಮ್ಮಡಿಯಾಯಿತು ಎಂದೇ ಹೇಳಬೇಕು. ತಿಳಿ-ಕಡುವಿನ ವ್ಯತ್ಯಾಸವನ್ನು ನೋಡುವವರು ಸಾಮಾನ್ಯವಾಗಿ ಸಹಿಸುತ್ತಾರೆ, ತೀವ್ರತೆಯದನ್ನು ಅದಕ್ಕಿಂತ ಕಡಿಮೆ ಸಹಿಸುತ್ತಾರೆ, ವರ್ಣದ್ದನ್ನಂತೂ ತೀರ ಕಡಿಮೆ. ನೀಲಿ ಹಸಿರಿಗೆ ವಾಲಿದರೆ ಬಣ್ಣವೇ ಬೇರೆ ಎನ್ನುವವರು, ಅದೇ ನೀಲಿ ಕೊಂಚ ಕಡುವಾದರೆ ಸುಮ್ಮನಿರುತ್ತಾರೆ. ತಿದ್ದುವವರಿಗೂ ‘1.4 ಬಂದಿದೆ’ ಎಂಬ ಮಾತಿನಿಂದ ಏನೂ ತಿಳಿಯದು, ‘ಹಸಿರಿಗೆ ವಾಲಿದೆ, ತಿಳಿ-ಕಡು ಸರಿಯಿದೆ’ ಎಂದರೆ ಕೆಲಸ ಶುರುವಾಗುತ್ತದೆ.

ಇನ್ನು ಬೆಳಕಿನ ಮಾತು. ಬೇರೆ ಬೇರೆ ವರ್ಣದ್ರವ್ಯಗಳಿಂದ ಮಾಡಿದ ಎರಡು ಬಣ್ಣಗಳು ಹಗಲು ಬೆಳಕಿನಲ್ಲಿ ಒಂದಾಗಿ, ಬಲ್ಬಿನ ಬೆಳಕಿನಲ್ಲಿ ಬೇರೆಯಾಗುವ ಮೆಟಾಮೆರಿಸಂ ಅನ್ನು ಈ ಉಪಕರಣ ಚೆನ್ನಾಗಿ ಹಿಡಿಯುತ್ತದೆ, ಏಕೆಂದರೆ ಅದರ ಬಳಿ ಇಡೀ ಪ್ರತಿಫಲನ ರೇಖೆ ಇರುತ್ತದೆ; ಹಗಲಿನ ಡಿ65 ಮತ್ತು ಬಲ್ಬಿನ ‘ಎ’ ಬೆಳಕು ಎರಡರಲ್ಲೂ ಲೆಕ್ಕ ಕೇಳಿದರೆ ಸಾಕು. ಹೊಳಪಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹೊಳಪಿನ ಪ್ರತಿಫಲನವನ್ನು ಸೇರಿಸಿ ಅಳೆದರೆ ಮ್ಯಾಟ್ ಫಲಕವೂ ಹೊಳೆಯುವ ಫಲಕವೂ ಬಹುತೇಕ ಒಂದೇ ಎಂದು ಬರುತ್ತದೆ, ಏಕೆಂದರೆ ಆಗ ಅಳೆಯುವುದು ವರ್ಣದ್ರವ್ಯವನ್ನು. ಅವುಗಳನ್ನು ಪಕ್ಕ ಪಕ್ಕ ಇಟ್ಟರೆ ಮಗುವೂ ಬೇರೆ ಎನ್ನುತ್ತದೆ. ಕಣ್ಣಿಗೆ ಹತ್ತಿರದ ಅಂಕಿ ಬೇಕಿದ್ದರೆ ಹೊಳಪನ್ನು ಹೊರಗಿಟ್ಟು ಅಳೆಯಬೇಕು. ನಾವು ಎರಡನ್ನೂ ದಾಖಲಿಸುತ್ತೇವೆ.

ಇನ್ನೊಂದು ಎಡವಟ್ಟು ಪೂರ್ತಿ ನಮ್ಮದೇ. ಕಿತ್ತಳೆ ಫಲಕಗಳು ಬೆಳಿಗ್ಗೆ ಪಾಸಾಗಿ ಮಧ್ಯಾಹ್ನ ಫೇಲಾಗುತ್ತಿದ್ದವು. ವಾರಗಟ್ಟಲೆ ಉಪಕರಣವನ್ನೇ ಶಪಿಸಿದ ಮೇಲೆ ತಿಳಿದದ್ದೇನೆಂದರೆ, ಮಧ್ಯಾಹ್ನದ ಫಲಕಗಳನ್ನು ಓವನ್‌ನಿಂದ ತೆಗೆದ ಬಿಸಿಯಲ್ಲೇ ಅಳೆಯುತ್ತಿದ್ದೆವು. ಕೆಂಪು, ಕಿತ್ತಳೆ ವರ್ಣದ್ರವ್ಯಗಳ ಬಣ್ಣ ಉಷ್ಣತೆಯೊಡನೆ ಬದಲಾಗುತ್ತದೆ. ತಣ್ಣಗಾಗಲು ಬಿಟ್ಟು ಅಳೆದಾಗ ಅಂಕಿ ಸ್ಥಿರವಾಯಿತು.

ಬ್ಯಾಟರಿ ಚೆನ್ನಾಗಿದೆ, ಪರದೆ ಬಿಸಿಲಿನಲ್ಲಿ ಕಾಣುವುದಿಲ್ಲ.

ಈಗ ಹೊಸ ಬಣ್ಣವೊಂದು ಬಂದರೆ ಮೊದಲು ಉಪಕರಣವನ್ನು ಮುಟ್ಟುವುದಿಲ್ಲ. ಬೇಕೆಂದೇ ಏರುಪೇರು ಮಾಡಿದ ಹತ್ತಾರು ಫಲಕಗಳನ್ನು ಪ್ರಮಾಣಿತ ಬೆಳಕಿನ ಪೆಟ್ಟಿಗೆಯಾದ ಲೈಟ್ ಬೂತ್‌ನಲ್ಲಿಟ್ಟು, ವರ್ಣದೃಷ್ಟಿ ಪರೀಕ್ಷೆಯಾದ ಐವರಿಂದ ಒಪ್ಪಿಗೆ ಅಥವಾ ನಿರಾಕರಣೆ ಬರೆಸಿಕೊಂಡು, ಆಮೇಲೆ ಅವೇ ಫಲಕಗಳನ್ನು ಅಳೆದು, ಒಪ್ಪಿದವು ಎಲ್ಲಿ ಮುಗಿಯುತ್ತವೆಯೋ ಅಲ್ಲಿ ಮಿತಿ ಹಾಕುತ್ತೇವೆ. ಆ ಹಳದಿಯ ಮಿತಿ ಈಗ ಸಿಐಇಡಿಇ 2000ದಲ್ಲಿ 1.2, ಆ ಬೂದಿನದು 0.6. ಇಷ್ಟು ಕೆಲಸಕ್ಕೆ ಸಿದ್ಧರಿರುವವರಿಗೆ ಈ ಉಪಕರಣವನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಪೆಟ್ಟಿಗೆ ತೆರೆದ ದಿನವೇ ಹಸಿರು ಗುರುತು ನೋಡಿ ಮಾಲು ಕಳುಹಿಸುವ ಆಲೋಚನೆಯಿರುವವರಿಗೆ ಮಾಡುವುದಿಲ್ಲ.