ಲಿಕ್ವಿಡ್ ಲೇಟೆಕ್ಸ್‌ನಲ್ಲಿ ಮುಪ್ಪು: ಹತ್ತಾರು ಬಾಟಲಿ ಖಾಲಿಯಾದ ಮೇಲೆ

ನಟರ ಚರ್ಮಕ್ಕೆ ಹಚ್ಚಿ ಒಣಗಿಸಿ ಮುಪ್ಪಿನ ಸುಕ್ಕು ಮೂಡಿಸುವ ದ್ರವ ರಬ್ಬರ್, ಅದೇ ಲಿಕ್ವಿಡ್ ಲೇಟೆಕ್ಸ್. ಐದಕ್ಕೆ ನಾಲ್ಕು ಅಂಕ. ಕಳೆದ ಆ ಒಂದು ಅಂಕ ಬಾಯಿಯ ಮೂಲೆಗಳಿಗೆ; ಅದಕ್ಕೆ ಆಮೇಲೆ ಬರೋಣ.

ಕೊಳ್ಳುವ ಮೊದಲು ನಟರ ಮುಖ ನೋಡಿ. ನಲವತ್ತು ದಾಟಿ ಚರ್ಮ ತುಸು ಸಡಿಲಾಗಿದ್ದರೆ ಸುಕ್ಕು ಹುಟ್ಟಿನಿಂದ ಬಂದಂತೆ ಕೂರುತ್ತದೆ. ಇಪ್ಪತ್ತೈದರ ಬಿಗಿ ಕೆನ್ನೆಯ ಮೇಲಾದರೆ ಹಾಲಿನ ಕೆನೆ ಮುದುರಿದ ಹಾಗೆ ಕಾಣುತ್ತದೆ, ಅಷ್ಟೇ. ಜೋತುಬಿದ್ದ ಗಲ್ಲವಂತೂ ಇದರಿಂದ ಆಗದ ಮಾತು. ಅದಕ್ಕೆ ಅಚ್ಚಿನಲ್ಲಿ ಮಾಡಿ ಮುಖಕ್ಕೆ ಅಂಟಿಸುವ ಸಿಲಿಕೋನ್ ಅಥವಾ ಫೋಮ್ ಲೇಟೆಕ್ಸ್ ತುಂಡೇ (ಪ್ರಾಸ್ಥೆಟಿಕ್) ಬೇಕು.

ಸುಕ್ಕು ಯಾವ ದಿಕ್ಕಿಗೆ ಬೀಳಬೇಕೋ ಅದಕ್ಕೆ ಅಡ್ಡಲಾಗಿ ಚರ್ಮ ಎಳೆದು ಹಿಡಿಯಬೇಕು: ಹಣೆಯನ್ನು ಮೇಲೆ-ಕೆಳಗೆ, ಮೇಲ್ದುಟಿಯನ್ನು ಎಡ-ಬಲಕ್ಕೆ. ಕೈ ಆದರೆ ಮುಷ್ಟಿ ಕಟ್ಟಿಸಿದರೆ ಸಾಕು. ಸ್ಪಂಜಿನಿಂದ ತೆಳುವಾಗಿ ತಟ್ಟಿ, ಒರೆಸಬೇಡಿ. ತಂಪು ಗಾಳಿಯ ಡ್ರೈಯರ್ ಹಿಡಿದು ಹಾಲುಬಿಳುಪು ಪೂರ್ತಿ ಹೋಗುವ ತನಕ ಕಾಯಿರಿ. ಚರ್ಮ ಇನ್ನೂ ಎಳೆದಿರುವಾಗಲೇ ಪೌಡರ್ ಹಾಕಿ, ಆಮೇಲೆ ಕೈ ಬಿಡಿ. ಇಲ್ಲೇ ಹೆಚ್ಚಿನವರು ಎಡವುವುದು. ಪೌಡರ್ ಇಲ್ಲದೆ ಕೈಬಿಟ್ಟರೆ ಲೇಟೆಕ್ಸ್ ತನಗೆ ತಾನೇ ಅಂಟಿಕೊಂಡು ಒಂದೇ ದಪ್ಪ ಮಡಿಕೆಯಾಗುತ್ತದೆ. ಬಿಡಿಸಲು ಹೋದರೆ ಹರಿಯುತ್ತದೆ, ಆ ಜಾಗ ಮತ್ತೆ ಮೊದಲಿಂದ. ಅರವತ್ತರ ಪಾತ್ರಕ್ಕೆ 2 ಪದರ, ಎಂಬತ್ತಕ್ಕೆ 3-4.

ಬರಿಯ ಲೇಟೆಕ್ಸ್ ಹೊಳೆಯುತ್ತದೆ, ಸುಕ್ಕೂ ಆಳವಾಗಿ ನಿಲ್ಲುವುದಿಲ್ಲ. ಹಾಲಿವುಡ್ ಮೇಕಪ್ ಕಲಾವಿದ ಡಿಕ್ ಸ್ಮಿತ್ ಬಳಕೆಗೆ ತಂದ ಸ್ಟಿಪ್ಪಲ್‌ನಲ್ಲಿ (ಮುಪ್ಪಿಗೆಂದೇ ತಟ್ಟುವ ಲೇಟೆಕ್ಸ್ ಮಿಶ್ರಣ) ಟಾಲ್ಕ್, ಪುಡಿ ಮಾಡಿದ ಕೇಕ್ ಮೇಕಪ್, ಜೆಲಟಿನ್ ಸೇರಿರುವುದು ಇದಕ್ಕೇ: ಪದರ ಗಡುಸಾಗುತ್ತದೆ, ಹೊಳಪು ಸಾಯುತ್ತದೆ.

ಬಾಟಲಿಯಲ್ಲಿ ಅಮೋನಿಯಾ ಇರುತ್ತದೆ. ಕಣ್ಣಿನ ಸುತ್ತ ಹಚ್ಚುವಾಗ ನಟರು ಕಣ್ಣು ಮುಚ್ಚಿರಲಿ, ಪೌಡರ್ ಆಗುವ ತನಕ ತೆರೆಯಬಾರದು, ಫ್ಯಾನ್ ಓಡುತ್ತಿರಲಿ. ರೆಪ್ಪೆಗೂದಲ ಬುಡಕ್ಕೆ ಹೋಗಲೇಬೇಡಿ. ಹುಬ್ಬನ್ನು ಮೊದಲು ಸೋಪಿನಿಂದ ಒತ್ತಿ ಮುಚ್ಚಿ. ಇಲ್ಲವಾದರೆ ರಾತ್ರಿ ತೆಗೆಯುವಾಗ ಕೂದಲೂ ಜೊತೆಗೆ ಬರುತ್ತದೆ. ಲೇಟೆಕ್ಸ್ ಅಲರ್ಜಿ ಗೊತ್ತಿರುವವರಿಗೆ ಪರೀಕ್ಷೆಗೂ ಹಚ್ಚಬೇಡಿ. ಉಳಿದವರಿಗೆ 24 ಗಂಟೆ ಮುಂಚೆ ಮುಂಗೈ ಒಳಭಾಗದಲ್ಲಿ ಒಂದು ಚುಕ್ಕೆ ಹಚ್ಚಿ ನೋಡಿ.

ಮಾಮೂಲಿ ಎಣ್ಣೆ ಮೇಕಪ್ ಲೇಟೆಕ್ಸನ್ನು ಮೆತ್ತಗಾಗಿಸಿ ಕೆಡಿಸುತ್ತದೆ. ಮೇಲಿನ ಬಣ್ಣಕ್ಕೆ ಲೇಟೆಕ್ಸ್‌ಗೆಂದೇ ಇರುವ ರಬ್ಬರ್ ಮಾಸ್ಕ್ ಗ್ರೀಸ್, ಇಲ್ಲವೇ ಅಕ್ರಿಲಿಕ್ ಬಣ್ಣಕ್ಕೆ ಪ್ರಾಸ್ಥೆಟಿಕ್ ಅಂಟು ಬೆರೆಸಿದ ಪ್ಯಾಕ್ಸ್ ಬಳಸಿ. ಲೈಟು ಎದುರಿನಿಂದ ಚಪ್ಪಟೆಯಾಗಿ ಬಿದ್ದರೆ ಅಷ್ಟೂ ಸುಕ್ಕು ಮಾಯ, ಆಗ ನೆರಳನ್ನು ಬಣ್ಣದಲ್ಲೇ ಬರೆಯಬೇಕಾಗುತ್ತದೆ. ಕ್ಯಾಮರಾಮನ್ ಜೊತೆ ಮೊದಲೇ ಮಾತಾಡಿದರೆ ಅರ್ಧ ಕೆಲಸ ಉಳಿಯುತ್ತದೆ.

ಈಗ ಬಾಯಿಯ ಮೂಲೆ. ಮಾತು, ಊಟ, ಬೆವರು ಸೇರಿ ಮೊದಲು ಏಳುವುದು ಅಲ್ಲೇ. ಎದ್ದ ಅಂಚನ್ನು ಎಳೆದರೆ ಕೆನ್ನೆಯ ತನಕ ಸುಲಿದು ಬರುತ್ತದೆ. ಸಣ್ಣ ಕತ್ತರಿಯಿಂದ ಕತ್ತರಿಸಿ, ಬೆವರು ಒತ್ತಿ ಒಣಗಿಸಿ, ಅಂಟಿನಿಂದ ಕೂರಿಸಿ ಮತ್ತೆ ಒಂದು ಪದರ ತಟ್ಟಿ. ಅಲ್ಲಿ ಮೊದಲಿಂದಲೇ ಒಂದು ಪದರ ಕಡಿಮೆ ಇಡುವುದು ವಾಸಿ. ಇಷ್ಟೆಲ್ಲ ಮಾಡಿದರೂ ಊಟದ ವಿರಾಮದ ನಂತರ ಒಮ್ಮೆ ತಿದ್ದದೆ ಕ್ಲೋಸಪ್‌ಗೆ ಕಳಿಸುವಂತಿಲ್ಲ.

ಬಾಟಲಿಯ ಬಾಳಿಕೆ ಮುಚ್ಚಳದ ಮೇಲೆ ನಿಂತಿದೆ. ಗಾಳಿ ಆಡಿದರೆ ಮೇಲೆ ಪೊರೆ ಕಟ್ಟುತ್ತದೆ, ನೈಲಾನ್ ಕಾಲುಚೀಲದಲ್ಲಿ ಸೋಸಿ ಬಳಸಬಹುದು. ಫ್ರೀಜರಿನಲ್ಲಿ ಹೆಪ್ಪುಗಟ್ಟಿದ್ದು ಮಾತ್ರ ಮತ್ತೆ ಸರಿಹೋಗುವುದಿಲ್ಲ. ಬ್ರಷ್ಷನ್ನು ಅದ್ದುವ ಮೊದಲು ಸೋಪಿನಲ್ಲಿ ನೆನೆಸಿ. ಸ್ಪಂಜಿನ ಆಸೆ ಬಿಡಿ, ಅದು ಅಂದಿಗಷ್ಟೇ.